ಹೆಪ್ಪಿನ ಸರ್

ಅವರಿಗೆ ಮೊಸರು ಸೇರುತ್ತಿರಲಿಲ್ಲ. ಬಳ್ಳಾರಿಯ ಬೇಸಿಗೆಯಲ್ಲಿ ಸ್ಟಾಫ್ ರೂಮಿನ ನಾವೆಲ್ಲ ಡಬ್ಬಿ ತೆರೆದು ಮೊಸರನ್ನಕ್ಕೆ ಉಪ್ಪಿನಕಾಯಿ ನೆಂಚಿಕೊಳ್ಳುತ್ತಿದ್ದರೆ, ಇವರು ಒಣ ಜೋಳದ ರೊಟ್ಟಿ, ಶೇಂಗಾ ಚಟ್ನಿ ಹಿಡಿದು ಕಿಟಕಿಯ ಕಡೆಗೆ ತಿರುಗಿ ಕೂರುತ್ತಿದ್ದರು. "ಜೀವಮಾನೆಲ್ಲ ಮೊಸರಿನ ಮ್ಯಾಲ ರಿಸರ್ಚ್ ಮಾಡೀರಿ, ಒಂದು ಚಮಚ ತಿನ್ನಾಂಗಿಲ್ಲೇನ್ರಿ?" ಎಂದು ಯಾರಾದರೂ ಕೆಣಕಿದರೆ, "ಪೊಲೀಸರು ಕಳ್ಳರನ್ನ ಮನಿಗೆ ಊಟಕ್ಕ ಕರೀತಾರೇನ್ರಿ?" ಅನ್ನುತ್ತಿದ್ದರು. ಹೊಸಬರು ನಗುತ್ತಿದ್ದರು. ಹಳಬರಿಗೆ ಆ ಮಾತು ಕೇಳಿ ಕೇಳಿ ಸಾಕಾಗಿತ್ತು, ಆದರೂ ನಗುತ್ತಿದ್ದೆವು, ಯಾಕೆಂದರೆ ಅವರು ತಮಾಷೆ ಮಾಡುತ್ತಿದ್ದದ್ದೇ ಅಪರೂಪ.

ಹೋದ ತಿಂಗಳು ತೀರಿಕೊಂಡರು. ನಿವೃತ್ತಿಗೆ ಇನ್ನೂ ಸಮಯವಿತ್ತು. ಹೃದಯ ಅಂದರು ಡಾಕ್ಟರು. ಡಾಕ್ಟರಿಗೆ ಅಷ್ಟೇ ಗೊತ್ತು, ಪಾಪ. ನಾನು ಅವರಿದ್ದ ಕಾಲೇಜಿನಲ್ಲೇ ರಸಾಯನಶಾಸ್ತ್ರ ಕಲಿಸುವವಳು. ನನ್ನ ಕೋಣೆಗೂ ಅವರ ಲ್ಯಾಬಿಗೂ ನಡುವೆ ಇದ್ದದ್ದು ಒಂದು ಗೋಡೆ. ಆ ಗೋಡೆಯ ಈಚೆ ಕೂತು ಕೇಳಿದ್ದನ್ನು, ಕಂಡದ್ದನ್ನು ಹೊಟ್ಟೆಯಲ್ಲಿಟ್ಟುಕೊಂಡು ತಿರುಗುವುದು ಇನ್ನು ನನ್ನಿಂದಾಗದು. ಅವರ ಹೆಸರು ಬರೆಯುವುದಿಲ್ಲ. ಕಾಲೇಜಿನ ಹೆಸರನ್ನೂ ಬರೆಯುವುದಿಲ್ಲ. ಬರೆದರೆ ನನ್ನ ಪಿಂಚಣಿಯ ಕಡತ ಯಾವ ಮೇಜಿನ ಮೇಲೆ ಮಲಗುತ್ತದೆ ಎಂದು ನನಗೆ ಚೆನ್ನಾಗಿ ಗೊತ್ತು.

ಬ್ಯಾಕ್ಟೀರಿಯಾದ ಜೀನೋಮ್ ಕಾಲಾಂತರದಲ್ಲಿ ಹೇಗೆ ಬದಲಾಗುತ್ತದೆ ಎನ್ನುವುದು ಅವರ ವಿಷಯ. ಹಾಗೆಂದರೆ ನನಗೂ ಮೊದಮೊದಲು ತಲೆಗೆ ಹೋಗುತ್ತಿರಲಿಲ್ಲ. ಒಂದು ದಿನ ಚಹಾ ಕುಡಿಯುತ್ತಾ ಅವರೇ ಬಿಡಿಸಿ ಹೇಳಿದರು. ಮೊಸರು ಮಾಡುವ ಈ ಬ್ಯಾಕ್ಟೀರಿಯಾಗಳ ಪೂರ್ವಜರು ಎಂದೋ ಗಿಡಗಳ ಮೇಲೆ ಬದುಕಿದ್ದಿರಬೇಕು. ಅಲ್ಲಿ ಸಿಕ್ಕಿದ್ದನ್ನೆಲ್ಲ ಅರಗಿಸಿಕೊಳ್ಳಲು ಬೇಕಾದ ಜೀನುಗಳು ಅವಕ್ಕಿದ್ದವು. ಯಾವಾಗಲೋ ಮನುಷ್ಯರ ಹಾಲಿನ ಗಡಿಗೆಗೆ ಬಂದು ಸೇರಿದವು. ಹಾಲಿನಲ್ಲಿ ಎಲ್ಲ ತಯಾರಾಗಿಯೇ ಸಿಗುತ್ತದಲ್ಲ, ದುಡಿಯುವ ಜೀನುಗಳು ಒಂದೊಂದಾಗಿ ಕೆಟ್ಟು, ಮುರಿದು, ಉದುರಿಹೋದವು. ಪೂರ್ತಿ ಅಳಿಸಿಹೋಗದೆ ಮುರಿದ ಚೂರುಗಳು ಅಲ್ಲಲ್ಲೇ ಉಳಿದಿರುತ್ತವೆ. ಇವರು ಓದುತ್ತಿದ್ದದ್ದು ಆ ಚೂರುಗಳನ್ನು.

"ಏನೈತಿ ಅಂತ ಎಲ್ಲಾರೂ ನೋಡ್ತಾರ ಮೇಡಂ. ಏನು ಕಳಕೊಂಡೈತಿ ಅಂತ ನೋಡಬೇಕು. ನಮ್ಮ ಹೆಡ್‌ನ ನೋಡ್ರಿ. ಕುಂತಲ್ಲೇ ಎಲ್ಲಾ ಬರ್ತೈತಿ. ಪಿಪೆಟ್ ಹಿಡಿಯೋ ಜೀನ್ ಯಾವಾಗೋ ಉದುರೇತಿ, ಸಹಿ ಮಾಡೋ ಜೀನ್ ಒಂದ ಉಳದೈತಿ" ಅಂದರು.

ಅವರ ವಿಭಾಗದ ಮುಖ್ಯಸ್ಥರ ಬಗ್ಗೆ ಆಡಿದ ಈ ಮಾತು ಸಂಜೆಯೊಳಗೆ ಮುಖ್ಯಸ್ಥರ ಕಿವಿಗೆ ಬಿದ್ದಿತ್ತು. ಕಾಲೇಜೆಂದರೆ ಹಾಗೇ.

ಒಳ್ಳೆಯವರಾಗಿದ್ದರು, ಮೃದುವಾಗಿದ್ದರು ಎಂದು ಬರೆದರೆ ಅವರೇ ಎದ್ದು ಬಂದು ನನ್ನನ್ನು ಬೈದಾರು. ಮೃದು ಏನೂ ಇರಲಿಲ್ಲ. ನಾಲಿಗೆ ಬಹಳ ಕೆಟ್ಟದು. ಎಂ.ಎಸ್ಸಿ. ಓದುತ್ತಿದ್ದ ಒಬ್ಬ ಹುಡುಗಿ ಯಾರದೋ ಪ್ರಾಜೆಕ್ಟನ್ನು ನಕಲು ಮಾಡಿ ತಂದಾಗ, "ನಿನ್ನ ತಲ್ಯಾಗ ಜೀನ್ ಎಲ್ಲಾ ಅದಾವ ತಂಗಿ, ಒಂದೂ ಕೆಲಸ ಮಾಡಾಕತ್ತಿಲ್ಲ" ಅಂದುಬಿಟ್ಟರು. ಅವಳು ನನ್ನ ಕೋಣೆಗೆ ಬಂದು ಗೊಳೋ ಎಂದು ಅತ್ತಳು. "ಒಂದು ಮಾತು ಸಮಾಧಾನ ಹೇಳ್ರಿ" ಎಂದು ನಾನು ಹೋಗಿ ಕೇಳಿದರೆ, "ಅಕಿ ಮತ್ತೊಮ್ಮಿ ಬರದು ತರ್ಲಿ, ಅದ ಸಮಾಧಾನ" ಎಂದು ಸೂಕ್ಷ್ಮದರ್ಶಕದಿಂದ ಕಣ್ಣನ್ನೂ ಎತ್ತಲಿಲ್ಲ. ಎಲ್ಲವನ್ನೂ ಮೂಸುವ ಚಾಳಿ ಬೇರೆ. ಹಾಲು, ನೀರು, ಹೊಸ ಪುಸ್ತಕ, ಹಾಜರಿ ಪುಸ್ತಕ, ಒಮ್ಮೆ ಸನ್ಮಾನಕ್ಕೆ ಹೊದಿಸಿದ ಶಾಲನ್ನು ವೇದಿಕೆಯ ಮೇಲೆಯೇ ಮೂಸಿದ್ದರು.

ಆದರೆ ಊರುಗಳಿಗೆ ಹೋದರೆ ಬೇರೆಯೇ ಮನುಷ್ಯ. ಸಿರುಗುಪ್ಪದ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು, ತೊಡೆಯ ಮೇಲೆ ಸ್ಟೀಲ್ ಡಬ್ಬಿಗಳ ಚೀಲ ಇಟ್ಟುಕೊಂಡು ಹೊರಟರೆಂದರೆ ಸಂಜೆಯವರೆಗೆ ಸಿಟ್ಟೆಂಬುದೇ ಇಲ್ಲ. ಮನೆಮನೆಯ ಬಾಗಿಲಿಗೆ ಹೋಗಿ ಹೆಪ್ಪು ಕೇಳುವುದು ಅವರ ಕೆಲಸ. ಗಂಡಸು, ಅದರಲ್ಲೂ ಕಾಲೇಜಿನ ಮೇಷ್ಟ್ರು, ಅಡಿಗೆಮನೆಯ ಬಾಗಿಲಲ್ಲಿ ನಿಂತು "ಅವ್ವಾ, ಒಂದೀಟು ಹೆಪ್ಪು ಕೊಡ್ರಿ" ಎಂದರೆ ಹೆಂಗಸರಿಗೆ ನಗುವೋ ನಗು. ನಾನು ಒಮ್ಮೆ ಅವರ ಜೊತೆ ಸಿರಿಗೇರಿಗೆ ಹೋಗಿದ್ದೆ.

"ಯಾಕ್ರೀ ಸರ, ನಿಮ್ಮನಿ ಹೆಣ್ಮಕ್ಕಳಿಗೆ ಮೊಸರು ಕಟ್ಟಾಕ ಬರಾಂಗಿಲ್ಲೇನ್ರಿ?" ಎಂದಳು ಒಬ್ಬಳು, ಸೆರಗು ಬಾಯಿಗೆ ಅಡ್ಡ ಹಿಡಿದು.

"ಬರ್ತೈತವ್ವ. ನಿಮ್ಮದು ಎಲ್ಲಿಂದ ಬಂತು ಅದನ್ನ ಹೇಳ್ರಿ ಮೊದಲ."

"ನಮ್ಮತ್ತಿ ತಂದಿದ್ದು. ಅಕಿ ತವರುಮನಿ ಕೆಂಚನಗುಡ್ಡ. ಮದುವ್ಯಾದ ವರ್ಷ ಇಲ್ಲಿ ಮೊಸರು ಸೇರವಲ್ದು ಅಂತ ಅಲ್ಲಿಂದ ಹೆಪ್ಪು ತರಿಸಿದ್ಲಂತ. ಅದ ಇವತ್ತಿಗೂ ನಡದೈತಿ."

ಸರ್ ಮುಖ ಅರಳಿದ್ದನ್ನು ನೋಡಬೇಕಿತ್ತು. ಅವರಿಗೆ ಬೇಕಾದದ್ದು ಅದೇ ಮಾತು. ಹೆಪ್ಪೆಂದರೆ ನಿನ್ನೆಯ ಮೊಸರಿನ ಒಂದು ಚಮಚ. ನಿನ್ನೆಯದು ಮೊನ್ನೆಯದರಿಂದ. ಹಾಗೆ ಹಿಂದೆ ಹಿಂದೆ ಹೋದರೆ ಅತ್ತೆ, ಅತ್ತೆಯ ತಾಯಿ, ಅವಳ ತವರು. ಊರುಗಳ ಮೊಸರನ್ನು ಓದಿದರೆ ಹೆಣ್ಣುಮಕ್ಕಳು ಎಲ್ಲಿಂದ ಎಲ್ಲಿಗೆ ಮದುವೆಯಾಗಿ ಬಂದರು ಎನ್ನುವುದು ಜೀನೋಮಿನಲ್ಲಿ ಕಾಣಬೇಕು, ಇದು ಅವರ ತರ್ಕ. ಸಿರುಗುಪ್ಪದ ಕಡೆ ತೆಲುಗು ಮಾತಾಡುವ ಮನೆಗಳಲ್ಲಿ ಹೆಪ್ಪಿಗೆ ತೋಡು ಅನ್ನುತ್ತಾರೆ. ತೋಡು ಅಂದರೆ ಜೊತೆ ಎಂದೂ ಅರ್ಥ. ಆ ಶಬ್ದ ಕೇಳಿದರೆ ಸರ್ ಸಣ್ಣ ಹುಡುಗರಂತೆ ಖುಷಿಪಡುತ್ತಿದ್ದರು. ಮೊಸರಿನಲ್ಲಿ ಇರುವುದು ಮುಖ್ಯವಾಗಿ ಎರಡು ಜಾತಿ, ಒಂದು ಕಳೆದುಕೊಂಡದ್ದನ್ನು ಇನ್ನೊಂದು ಒದಗಿಸಿಕೊಟ್ಟು ಒಟ್ಟಿಗೆ ಬಾಳುತ್ತವೆ. "ನಾವು ಲ್ಯಾಬಿನ್ಯಾಗ ಗುದ್ದಾಡಿ ತಿಳಕೊಂಡಿದ್ದು ಈ ಜನ ಮಾತಿನ್ಯಾಗ ಇಟ್ಕೊಂಡು ಕುಂತಾರ ನೋಡ್ರಿ" ಅನ್ನುತ್ತಿದ್ದರು. ಆ ಜನ ಏನೂ ತಿಳಿದು ಇಟ್ಟ ಹೆಸರಲ್ಲ ಅದು ಎಂದು ನಾನು ವಾದಿಸಿದರೆ ಮುಖ ಊದಿಸಿಕೊಳ್ಳುತ್ತಿದ್ದರು.

ದೀಪ ಹಚ್ಚಿದ ಮೇಲೆ ನಮ್ಮ ಕಡೆ ಯಾರೂ ಹೆಪ್ಪು ಕೊಡುವುದಿಲ್ಲ. ಬಸ್ಸು ಕೆಟ್ಟು ಹೊತ್ತಾದರೆ ಇವರು ಕೇಳುತ್ತಲೇ ಇರಲಿಲ್ಲ. ಊರಲ್ಲೇ ಎಲ್ಲಾದರೂ ಉಳಿದು ಬೆಳಿಗ್ಗೆ ಹೋಗುತ್ತಿದ್ದರು. ಊರವರು ಹೆಪ್ಪಿನ ಸರ್ ಎಂದು ಹೆಸರಿಟ್ಟಿದ್ದರು.

ಎಲ್ಲ ಹಾಳಾದದ್ದು ಕುರುಗೋಡಿನಲ್ಲಿ. ಅಲ್ಲಿಗೆ ಇವರು ಬಸ್ಸಿನಲ್ಲಿ ಹೋಗಲಿಲ್ಲ. ಸಂಶೋಧನೆಗೆ ಅನುದಾನ ಬಂದಿತ್ತು. ಅನುದಾನ ಬಂದ ಕೂಡಲೇ ಮುಖ್ಯಸ್ಥರಿಗೆ ಮೊಸರಿನ ಮೇಲೆ ಇದ್ದಕ್ಕಿದ್ದಂತೆ ಪ್ರೀತಿ ಹುಟ್ಟಿತು. ಕಾಲೇಜಿನ ಜೀಪು, ಫೋಟೋಗ್ರಾಫರ್, ಕೊರಳಿಗೆ ಗುರುತಿನ ಚೀಟಿ ಹಾಕಿದ ವಿದ್ಯಾರ್ಥಿಗಳು. ಮುಂಚಿನ ದಿನವೇ ಊರಿಗೆ ಫೋನ್ ಮಾಡಿ, "ನಾಳೆ ಬಳ್ಳಾರಿಯಿಂದ ಸಾಹೇಬರು ಬರ್ತಾರೆ, ಪ್ರತಿ ಮನೆಯಿಂದಲೂ ಸ್ವಲ್ಪ ಮೊಸರು ಬೇಕು" ಎಂದು ಹೇಳಿಸಿದ್ದರು. ಕುರುಗೋಡು ನನ್ನ ತವರು. ನನ್ನನ್ನು ಕರೆದಿದ್ದರೆ ಹೋಗುತ್ತಿದ್ದೆ. ಅವತ್ತು ನನಗೆ ಪರೀಕ್ಷೆ ಡ್ಯೂಟಿ ಹಾಕಿದ್ದರು, ಹಾಕಿದವರು ಯಾರೆಂದು ಬೇರೆ ಹೇಳಬೇಕಿಲ್ಲ.

ಮಾದರಿಗಳು ಹೊರಗಿನ ಪ್ರಯೋಗಾಲಯಕ್ಕೆ ಹೋಗಿ ಫಲಿತಾಂಶ ಬಂತು. ಸಿರುಗುಪ್ಪ ಕಡೆಯ ಮೊಸರುಗಳು ಒಂದಕ್ಕೊಂದು ಸಂಬಂಧಿಕರ ಹಾಗೆ ಅಷ್ಟಿಷ್ಟು ಬೇರೆ ಬೇರೆ. ಕುರುಗೋಡಿನವು ಮಾತ್ರ ಬಹುತೇಕ ಎಲ್ಲ ಮನೆಯವೂ ಒಂದೇ. ಮುಖ್ಯಸ್ಥರು ಕುಣಿದಾಡಿದರು. ಒಂದೇ ಪುರಾತನ ತಾಯಿಬೇರು, ಶತಮಾನಗಳಿಂದ ಕೆಡದೆ ಉಳಿದ ವಂಶ ಎಂದು ಅವರೇ ಶೀರ್ಷಿಕೆ ಕೊಟ್ಟರು. ಸರ್ ಮಾತ್ರ ಹುಬ್ಬು ಗಂಟು ಹಾಕಿಕೊಂಡು ಕಂಪ್ಯೂಟರಿನ ಮುಂದೆ ಕೂತಿರುತ್ತಿದ್ದರು.

"ಇಷ್ಟು ಸಾಫ್ ಇರಬಾರ್ದು ಮೇಡಂ. ಹಳೇದಾದ್ರ ಜೀನಿನ್ಯಾಗ ತಪ್ಪು ಇರಬೇಕು. ಮನಿಮನಿಗೂ ಬ್ಯಾರೆ ಬ್ಯಾರೆ ತಪ್ಪು ಕೂಡಿರಬೇಕು. ಇದ್ರಾಗ ತಪ್ಪ ಇಲ್ಲ."

"ಹಂಗಂತ ಹೆಡ್‌ಗೆ ಹೇಳ್ರಿ ಮತ್ತ" ಎಂದೆ.

"ಹೇಳೀನಿ. ಅದ ವಿಶೇಷ ಅಂತಾರ. ಮರು ಪರೀಕ್ಷೆ ಮಾಡೋಣ ಅಂದ್ರ, ಮೊದಲು ಪೇಪರ್ ಕಳಿಸೋಣ ಆಮ್ಯಾಲ ಮಾಡೋಣ ಅಂದ್ರು."

ಪ್ರಬಂಧ ಪ್ರಕಟವಾಯಿತು. ಮೊದಲ ಹೆಸರು ಮುಖ್ಯಸ್ಥರದ್ದು, ನಡುವೆ ಪ್ರಯೋಗಾಲಯವನ್ನೇ ನೋಡದ ಇಬ್ಬರದ್ದು, ಕೊನೆಗೆ ಇವರದ್ದು. ಪತ್ರಿಕೆಗಳಲ್ಲಿ ಫೋಟೋ ಬಂತು. ನಮ್ಮ ಊರಿನ ಹೆಸರೆಂದು ನಾನೂ ಕತ್ತರಿಸಿ ಇಟ್ಟುಕೊಂಡಿದ್ದೆ.

ಆಮೇಲೆ ಒಂದು ಭಾನುವಾರ ಕುರುಗೋಡಿನಲ್ಲಿ ನಮ್ಮ ಅಣ್ಣನ ಮೊಮ್ಮಗನ ತೊಟ್ಟಿಲು ಶಾಸ್ತ್ರವಿತ್ತು. ಸರ್ ಅವರನ್ನು ನಾನೇ ಕರೆದುಕೊಂಡು ಹೋಗಿದ್ದೆ. ಊಟವಾದ ಮೇಲೆ ನಮ್ಮ ಅತ್ತಿಗೆ, ಅಂದರೆ ಅಣ್ಣನ ಹೆಂಡತಿ, ಎಲೆ ಅಡಿಕೆ ತಂದು ಮುಂದೆ ಇಟ್ಟು ಕೂತಳು. ಓಣಿಗೆಲ್ಲ ಅವಳದೇ ಮಾತು ನಡೆಯುವುದು. ಸರ್ ಅವರನ್ನು ನೋಡಿ ನಕ್ಕಳು.

"ಅವತ್ತು ನಿಮ್ಮ ಸಲುವಾಗಿ ಎಷ್ಟು ಓಡಾಡೀವಿ ಗೊತ್ತೇನ್ರಿ ಸರ? ನಮ್ಮ ಗಡಿಗಿ ಮೊಸರು ಹುಳಿ ಬಂದಿತ್ತು. ಅಂಥಾದ್ದು ಸಾಹೇಬ್ರಿಗೆ ಹೆಂಗ ಕೊಡೋದಂತ, ಅಂಗಡಿ ಪಾಕೀಟು ತರಿಸಿ, ತಂಬಿಗಿಗೆ ಹಾಕಿ ಕೊಟ್ಟಿವಿ. ಗಟ್ಟಿ ಇತ್ತಲ್ರಿ?"

ಸರ್ ಅಡಿಕೆ ಹಿಡಿದ ಕೈ ಹಾಗೇ ನಿಂತಿತು.

"ನೀವೊಬ್ರ ಏನ್ರಿ, ಆಜುಬಾಜುದವ್ರೂನಾ?"

"ಎಲ್ಲಾರೂ ನನ್ನ ಕೇಳಾಕ ಬಂದಿದ್ರು, ಏನ್ ಕೊಡೋದು ಅಕ್ಕಾ ಅಂತ. ನಾನ ಹೇಳಿದೆ, ಊರ ಮರ್ಯಾದಿ ಪ್ರಶ್ನೆ, ಚೊಲೋದು ಕೊಡ್ರಿ ಅಂತ."

"ನಮಗ ಹೆಪ್ಪು ಬೇಕಾಗಿತ್ತಲ್ರವ್ವ."

"ಅಯ್ಯ ಶಿವನ! ಹೆಪ್ಪು ಅಂದಿದ್ರ ಹೆಪ್ಪು ಕೊಡ್ತಿದ್ವಿ. ಅದಕ್ಕೇನು ಹುಳಿ ಸಿಹಿ ಅಂತೈತೇನ್ರಿ? ಮೊಸರು ಬೇಕು ಅಂದ್ರು. ಮೊಸರು ಅಂದ್ರ ಉಣ್ಣಾಕ ಅಂತ ತಿಳಿದ್ವಿ."

ಸರ್ ಅಡಿಕೆಯನ್ನು ತಟ್ಟೆಗೆ ವಾಪಸಿಟ್ಟರು. ಆಮೇಲೆ ಮುಂದಕ್ಕೆ ಬಾಗಿ, ಬಹಳ ಮೆಲ್ಲಗೆ, "ಈಗ ಕೊಡ್ರಿ ಮತ್ತ. ಆ ಹುಳಿದ ಗಡಿಗಿದ ಒಂದು ಚಮಚ ಕೊಡ್ರಿ ಸಾಕು" ಅಂದರು. ಅವರು ಅಷ್ಟು ದೈನ್ಯದಿಂದ ಯಾರನ್ನೂ ಏನನ್ನೂ ಕೇಳಿದ್ದನ್ನು ನಾನು ನೋಡಿರಲಿಲ್ಲ.

ಅತ್ತಿಗೆ ಕೈ ಆಡಿಸಿದಳು. "ಅದೆಲ್ಲೈತ್ರಿ ಈಗ! ಅವತ್ತು ಪಾಕೀಟಿನ್ಯಾಗ ಉಳಿದಿದ್ದನ್ನ ಹಾಲಿಗೆ ಹಾಕಿದ್ವಿ. ಏನ್ ಚೊಲೋ ಗಟ್ಟಿ ಬಂತಂತೀರಿ! ಹಳೇದನ್ನ ಚೆಲ್ಲಿಬಿಟ್ವಿ. ಓಣ್ಯಾಗ ಎಲ್ಲಾರದೂ ಈಗ ಅದ ಐತ್ರಿ."

ಅವಳದು ತಪ್ಪೆಂದು ನಾನು ಹೇಳಲಾರೆ. ಮನೆಗೆ ಬಂದವರಿಗೆ ಒಳ್ಳೆಯದನ್ನು ಕೊಟ್ಟಳು. ಆದರೆ ವಾಪಸು ಬರುವಾಗ ಬಸ್ಸಿನಲ್ಲಿ ಸರ್ ಮುಖ ನೋಡಲು ನನಗೆ ಧೈರ್ಯ ಬರಲಿಲ್ಲ. ಬಳ್ಳಾರಿಯ ಕೋಟೆ ಗುಡ್ಡ ಕಾಣುವವರೆಗೂ ಕಿಟಕಿಯ ಹೊರಗೆ ನೋಡುತ್ತಿದ್ದರು. ಆಮೇಲೆ, "ಹುಡುಕಾಕ ಹೋದವ್ರ ಕೊಂದು ಬಂದ್ವಿ ಮೇಡಂ. ಒಂದು ಶಬ್ದಕ್ಕ ಹೋತು" ಎಂದರು.

ಮಾರನೆಯ ದಿನವೇ ಅಂಗಡಿಯಿಂದ ಪಾಕೀಟು ತಂದು ಪರೀಕ್ಷೆಗೆ ಕಳಿಸಿದರು, ಸ್ವಂತ ಹಣದಿಂದ. ಫಲಿತಾಂಶ ಬಂದ ದಿನ ಗೋಡೆಯಾಚೆಯಿಂದ ನನಗೆ ಎಲ್ಲ ಕೇಳಿಸಿತು.

"ಅಕ್ಷರಕ್ಕ ಅಕ್ಷರ ಒಂದ ಐತ್ರಿ ಸರ್. ನಾವು ಶತಮಾನದ ವಂಶ ಅಂತ ಬರದಿದ್ದು ಡೇರಿ ಮೊಸರು. ಪೇಪರ್ ವಾಪಸ್ ತಗೋಬೇಕು."

"ಒಬ್ಬ ಹೆಣ್ಮಗಳು ಅಡಿಗಿಮನ್ಯಾಗ ಏನೋ ಅಂದ್ಲಂತ ಪೇಪರ್ ವಾಪಸ್ ತಗೊಳ್ತೀರೇನ್ರಿ? ಮುಂದಿನ ತಿಂಗಳು ಮಾನ್ಯತೆ ಸಮಿತಿ ಬರಾಕತ್ತೈತಿ. ಆ ಪೇಪರ್ ಬ್ಯಾನರಿನ ಮ್ಯಾಲ ಐತಿ."

"ಸುಳ್ಳು ಐತ್ರಿ ಅದು."

"ಸುಳ್ಳು ಅನಬ್ಯಾಡ್ರಿ. ಮಿತಿ ಅನ್ರಿ. ಎಲ್ಲಾ ಅಧ್ಯಯನಕ್ಕೂ ಮಿತಿ ಇರ್ತಾವ."

ಆ ಮನುಷ್ಯನ ಶಬ್ದಭಂಡಾರಕ್ಕೆ ಒಂದು ದೊಡ್ಡ ನಮಸ್ಕಾರ.

ಸರ್ ತಾವೇ ಸಂಶೋಧನಾ ಪತ್ರಿಕೆಗೆ ಬರೆದರು. ಪತ್ರಿಕೆಯವರು ಎಲ್ಲ ಲೇಖಕರ ಅಭಿಪ್ರಾಯ ಕೇಳಿದರು. ಕಾಲೇಜಿನಿಂದ, ನಮ್ಮ ಸಹೋದ್ಯೋಗಿ ಕೆಲವು ದಿನಗಳಿಂದ ಅಸ್ವಸ್ಥರಾಗಿದ್ದಾರೆ ಎಂದು ಉತ್ತರ ಹೋಯಿತು. ನಡುವಿನ ಇಬ್ಬರೂ ಅದಕ್ಕೆ ಸಹಿ ಹಾಕಿದರು. ಅಲ್ಲಿಗೆ ಮುಗಿಯಿತು. ಪ್ರಬಂಧ ಇವತ್ತಿಗೂ ಹಾಗೇ ಇದೆ, ಯಾರು ಬೇಕಾದರೂ ಓದಬಹುದು. ಸಮಿತಿ ಬಂತು, ಹೋಯಿತು, ಕಾಲೇಜಿಗೆ ಒಳ್ಳೆಯ ದರ್ಜೆ ಸಿಕ್ಕಿತು, ಮುಖ್ಯಸ್ಥರು ಪ್ರಾಂಶುಪಾಲರಾದರು. ಸರ್ ಅವರನ್ನು ಪರೀಕ್ಷಾ ವಿಭಾಗಕ್ಕೆ ಹಾಕಿದರು, ಉತ್ತರ ಪತ್ರಿಕೆಗಳ ಕಟ್ಟು ಎಣಿಸಲು. ಲ್ಯಾಬಿನ ಬೀಗ ಬದಲಾಯಿತು.

ಅವರೆಂಥ ಹಟಮಾರಿ ಎಂದರೆ ಭಾನುವಾರ ಭಾನುವಾರ ಊರುಗಳಿಗೆ ಹೋಗುವುದನ್ನು ಮಾತ್ರ ಬಿಡಲಿಲ್ಲ. ತಂದರೆ ಇಡಲು ಜಾಗವಿಲ್ಲ, ಓದಲು ಯಂತ್ರವಿಲ್ಲ. ಆದರೂ ಕುರುಗೋಡು, ಸಿರಿಗೇರಿ, ಕೆಂಚನಗುಡ್ಡ ಎಂದು ತಿರುಗಿ, "ಪಾಕೀಟು ಹಾಕಬ್ಯಾಡ್ರವ್ವ, ನಿಮ್ಮದನ್ನ ನೀವು ನಡಸ್ರಿ" ಎಂದು ಹೇಳುತ್ತಿದ್ದರು. ಹೆಂಗಸರು "ಹೂನ್ರಿ ಸರ" ಎಂದು ತಲೆಯಾಡಿಸಿ, ಬಿಸಿಲಲ್ಲಿ ಬಂದಿದ್ದಾರೆ ಪಾಪ ಎಂದು ಮಜ್ಜಿಗೆ ಮಾಡಿ ಕೊಡುತ್ತಿದ್ದರಂತೆ, ಪಾಕೀಟಿನದು. ಸರ್ ಅದನ್ನು ಕುಡಿದು ಬರುತ್ತಿದ್ದರು. ಬಾಯಿಗೆ ಸೇರದಿದ್ದರೂ ಕುಡಿಯುತ್ತಿದ್ದರು. "ಬ್ಯಾಡ ಅಂದ್ರ ಬೇಜಾರು ಮಾಡ್ಕೋತಾರ್ರಿ" ಅಂದರು ನನಗೆ. ಎಂ.ಎಸ್ಸಿ. ಹುಡುಗಿಯನ್ನು ಅಳಿಸಿದ ಮನುಷ್ಯ!

ಕೊನೆಕೊನೆಗೆ ಅವರಿಗೆ ಇದ್ದದ್ದು ಒಂದೇ ಹುಚ್ಚು. ಆ ಪ್ರಬಂಧದಿಂದ ತಮ್ಮ ಹೆಸರನ್ನಾದರೂ ತೆಗೆಸಬೇಕು, ತಾವು ಸಾಯುವುದರೊಳಗೆ. ಮತ್ತೆ ಮತ್ತೆ ಬರೆದರು. ಉತ್ತರ ಬರುವುದು ನಿಂತಿತು.

ಶ್ರದ್ಧಾಂಜಲಿ ಸಭೆಯನ್ನು ಸೆಮಿನಾರ್ ಹಾಲಿನಲ್ಲಿ ಮಾಡಿದರು. ಫೋಟೋಕ್ಕೆ ಹಾರ, ಹಿಂದೆ ದೊಡ್ಡ ಫ್ಲೆಕ್ಸ್. ಫ್ಲೆಕ್ಸಿನ ಮೇಲೆ, ಕುರುಗೋಡಿನ ಮೊಸರಿನ ಪುರಾತನ ಮೂಲವನ್ನು ಜಗತ್ತಿಗೆ ತೋರಿಸಿದ ವಿಜ್ಞಾನಿ ಎಂದು ಬರೆಸಿದ್ದರು. ನನಗೆ ಮೈಯೆಲ್ಲ ಉರಿದುಹೋಯಿತು. ಪ್ರಾಂಶುಪಾಲರು ಕಣ್ಣೊರೆಸಿಕೊಳ್ಳುತ್ತಾ ಅದೇ ಪ್ರಬಂಧವನ್ನು ಹೊಗಳಿದರು. ಅದರ ಶೀರ್ಷಿಕೆ ಕೆತ್ತಿಸಿದ ಹಿತ್ತಾಳೆಯ ಫಲಕವನ್ನು ಸರ್ ಅವರ ಹೆಂಡತಿಯ ಕೈಗೆ ಕೊಟ್ಟರು. ನನ್ನ ಸರದಿ ಬಂದಾಗ ಎದ್ದು ನಿಂತು ಒಂದೇ ಮಾತು ಹೇಳಿದೆ. "ಆ ಪ್ರಬಂಧ ತಪ್ಪು. ತಪ್ಪೆಂದು ಹೇಳಿದವರು ಸ್ವತಃ ಅವರೇ. ಅದನ್ನು ವಾಪಸು ಪಡೆಯಲು ನಮ್ಮ ಪ್ರಾಂಶುಪಾಲರು ಬಿಡಲಿಲ್ಲ." ನಿರೂಪಕಿ ಮೈಕು ತೆಗೆದುಕೊಂಡು ಒಂದು ನಿಮಿಷ ಮೌನ ಆಚರಿಸೋಣ ಎಂದಳು. ಎಲ್ಲರೂ ಎದ್ದು ನಿಂತರು. ಅಷ್ಟು ಅಚ್ಚುಕಟ್ಟಾಗಿ ನನ್ನ ಬಾಯಿ ಯಾರೂ ಮುಚ್ಚಿಸಿರಲಿಲ್ಲ.

ಅವರ ಹೆಂಡತಿಯನ್ನೂ ಮಗಳನ್ನೂ ಆಟೋದಲ್ಲಿ ಮನೆಗೆ ಬಿಡಲು ನಾನೇ ಹೋದೆ. ದಾರಿಯುದ್ದಕ್ಕೂ ಆಕೆ ಫಲಕವನ್ನು ತೊಡೆಯ ಮೇಲಿಟ್ಟುಕೊಂಡಿದ್ದರು. ನಾನು ಸಭೆಯಲ್ಲಿ ಆಡಿದ್ದಕ್ಕೆ ಸಿಟ್ಟಾಗಿರಬಹುದೆಂದು ಅಂಜಿ ಕೂತಿದ್ದೆ. ಮನೆಗೆ ಬಂದು, ನೀರು ಕೊಟ್ಟು, ಆಕೆಯೇ ಮಾತೆತ್ತಿದರು.

"ನೀವು ಹೇಳಿದ್ದು ಖರೆ ಐತ್ರಿ. ನನಗ ಗೊತ್ತಿತ್ತು. ಊಟಕ್ಕ ಕುಂತ್ರೂ ಅದನ್ನ ಅಂತಿದ್ರು, ಸುಳ್ಳು ಐತಿ ಸುಳ್ಳು ಐತಿ ಅಂತ."

"ಹಂಗಿದ್ರ ಇದನ್ನ ಗೋಡಿಗೆ ಹಾಕಬ್ಯಾಡ್ರಿ. ಅವ್ರ ಆತ್ಮಕ್ಕ..." ಎಂದು ನಾನು ಶುರು ಮಾಡಿದೆ.

"ಮೇಡಂ," ಆಕೆ ನನ್ನ ಮಾತು ತಡೆದರು. ಅಳುತ್ತಿರಲಿಲ್ಲ. "ಇಷ್ಟು ವರ್ಷ ಮನಿ ಬಿಟ್ಟು ಊರೂರು ತಿರಗ್ಯಾರ. ನಾಳೆ ಯಾರರ ಬಂದು, ನಿಮ್ಮ ಯಜಮಾನ್ರು ಏನ್ ಮಾಡಿದ್ರಿ ಅಂತ ಕೇಳಿದ್ರ, ತೋರಸಾಕ ನನ್ನ ಹತ್ರ ಮತ್ತೇನೈತ್ರಿ? ನೀವ ಹೇಳ್ರಿ, ಏನೈತಿ?"

ನಾನು ಯೋಚಿಸಿದೆ. ದೇವರಾಣೆಗೂ ಯೋಚಿಸಿದೆ.

ಮಗಳು ಮೊಳೆ, ಸುತ್ತಿಗೆ ತಂದಳು. ಅವಳು ಹತ್ತಿದ ಸ್ಟೂಲು ಅಲುಗಾಡುತ್ತಿತ್ತು, ನಾನು ಹೋಗಿ ಹಿಡಿದುಕೊಂಡೆ. ಅವಳು ಫಲಕ ತೂಗುಹಾಕಿ, ಕತ್ತು ಹೊರಳಿಸಿ ಕೇಳಿದಳು.

"ಆಂಟಿ, ಸೊಟ್ಟ ಆಗೇತೇನ್ ನೋಡ್ರಿ."

"ಇಲ್ಲವ್ವ" ಎಂದೆ. "ಸರಿ ಐತಿ."